ಐದು ರೂಪಾಯಿಗೆ ಇಪ್ಪತ್ತು ಲೀಟರ್: ನಮ್ಮೂರ ಫಿಲ್ಟರ್ ನೀರು

ನಕ್ಷತ್ರ ಕೊಡಲೇಬೇಕು ಅಂದರೆ ಐದಕ್ಕೆ ಮೂರು. ಮುಂದಿನ ನಲ್ಲಿಯಲ್ಲಿ ಬರುವ ನೀರಿಗೆ ನಾಲ್ಕೂವರೆ ಕೊಟ್ಟೇನು. ಶೆಡ್ಡಿನ ಹಿಂದಿನ ಪೈಪಿನಲ್ಲಿ ಹೋಗುವ ನೀರಿಗೆ ಒಂದೂ ಇಲ್ಲ. ಸರಾಸರಿ ತೆಗೆದರೆ ಮೂರು ಬರುವುದಿಲ್ಲ, ಗೊತ್ತು. ಮಿಕ್ಕಿದ್ದು ಆಪರೇಟರ್ ಹುಡುಗನ ಮೇಲಿನ ಅಭಿಮಾನದ ಗ್ರೇಸ್ ಮಾರ್ಕು. ಹತ್ತನೇ ಕ್ಲಾಸಿನಲ್ಲಿ ನನ್ನ ಹತ್ತಿರವೇ ವಿಜ್ಞಾನ ಓದಿದವನು.

ಬಾಗೇಪಲ್ಲಿ ತಾಲ್ಲೂಕಿನ ನಮ್ಮ ಹಳ್ಳಿಯ ‘ಶುದ್ಧ ಕುಡಿಯುವ ನೀರಿನ ಘಟಕ’ದ ಬಗ್ಗೆ ಹೇಳುತ್ತಿದ್ದೇನೆ. ಅದು ಬೋರ್ಡಿನ ಮೇಲಿನ ಹೆಸರು. ಇಲ್ಲಿ ಹೆಚ್ಚಿನವರ ಮನೆಮಾತು ತೆಲುಗು, ಹಾಗಾಗಿ ಊರಿನವರ ಬಾಯಲ್ಲಿ ಅದು ‘ಫಿಲ್ಟರ್ ನೀಳ್ಳು’. ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ರಾಜ್ಯದ ಹಳ್ಳಿಹಳ್ಳಿಗೆ ಇಂಥ ಘಟಕಗಳು ಬಂದವಲ್ಲ, ಆ ಕಾಲದ್ದು. ನಮ್ಮದು ಶುರುವಾಗಿದ್ದು 2015ರಲ್ಲಿ. ಆಗ ಎರಡು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್, ಈಗ ಐದು. ಹತ್ತು ವರ್ಷದ ಗಿರಾಕಿ ನಾನು. ಪಾತ್ರೆ ಅಂಗಡಿ, ಹೋಟೆಲ್ಲು, ಮಿಕ್ಸಿಗೆಲ್ಲ ಜನ ವಿಮರ್ಶೆ ಬರೆಯುತ್ತಾರೆ. ದಿನಾ ಹೊಟ್ಟೆಗೆ ಹೋಗುವುದಕ್ಕೆ ಯಾಕೆ ಬರೆಯಬಾರದು ಅನ್ನಿಸಿತು.

ನನ್ನ ಹುಟ್ಟೂರು ಸಕಲೇಶಪುರದ ಕಡೆ. 1993ರಲ್ಲಿ ಹೈಸ್ಕೂಲು ಶಿಕ್ಷಕಿಯಾಗಿ ಇಲ್ಲಿಗೆ ಪೋಸ್ಟಿಂಗ್ ಆಯಿತು. ಮೂರು ವರ್ಷ ಕಳೆದು ವರ್ಗ ಮಾಡಿಸಿಕೊಂಡು ಹೋಗುವುದು ಅಂತಿದ್ದೆ, ಇಲ್ಲೇ ಮದುವೆಯೂ ಆಗಿ ಉಳಿದುಬಿಟ್ಟೆ. ಮೊದಲ ವರ್ಷದ ಗ್ರೂಪ್ ಫೋಟೊ ಇನ್ನೂ ಮನೆಯಲ್ಲಿದೆ. ನಲವತ್ತು ಮಕ್ಕಳಲ್ಲಿ ಒಬ್ಬರೂ ಬಾಯಿ ಬಿಟ್ಟು ನಕ್ಕಿಲ್ಲ. ಫೋಟೊದವನು ‘ನಗ್ರಪ್ಪಾ, ನಗ್ರಮ್ಮಾ’ ಅಂತ ಎಷ್ಟು ಕೂಗಿದರೂ ತುಟಿ ಬಿಗಿಹಿಡಿದೇ ನಿಂತಿದ್ದರು. ಎಂಥ ಶಿಸ್ತಿನ ಮಕ್ಕಳಪ್ಪಾ ಅಂದುಕೊಂಡಿದ್ದೆ. ಕಾರಣ ಗೊತ್ತಾಗಲು ಒಂದು ವಾರ ಹಿಡಿಯಿತು. ಕೆಲವರ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಮಚ್ಚೆ, ಕೆಲವರಿಗೆ ಅಡ್ಡಡ್ಡ ಕಂದು ಪಟ್ಟಿ. ಹೆಡ್‌ಮಾಸ್ಟರನ್ನು ಕೇಳಿದರೆ, “ಅದು ಈ ಕಡೆ ನೀರು, ಮೇಡಂ” ಅಂದರು. ಈ ಕಡೆ ಬಿಸಿಲು ಜಾಸ್ತಿ, ಮೇಡಂ, ಅನ್ನುವ ಹಾಗೆ.

ನೀರು ಅಂದರೆ ನೀರಲ್ಲ, ನೀರಿನೊಳಗಿನ ಫ್ಲೋರೈಡು. ಅದನ್ನು ಯಾವ ಕಾರ್ಖಾನೆಯವರೂ ತಂದು ಸುರಿದದ್ದಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಾಲ ಕೆಳಗಿರುವುದು ಗ್ರಾನೈಟು ಮತ್ತು ನೈಸ್ ಎಂಬ ಕಲ್ಲು. ಆ ಕಲ್ಲಿನಲ್ಲಿ ಫ್ಲೋರೈಟ್, ಅಪಟೈಟ್, ಕಾಗೆಬಂಗಾರದ ಜಾತಿಯ ಬಯೊಟೈಟ್ ಮುಂತಾದ ಖನಿಜಗಳಲ್ಲಿ ಫ್ಲೋರಿನ್ ಸೇರಿಕೊಂಡಿರುತ್ತದೆ. ಕಲ್ಲಿನ ಬಿರುಕಿನಲ್ಲಿ ನೀರು ಎಷ್ಟು ಕಾಲ ಕೂತಿರುತ್ತದೋ ಅಷ್ಟು ಕರಗಿಸಿಕೊಳ್ಳುತ್ತದೆ. ಅದರ ಮೇಲೆ ನೀರು ಕ್ಷಾರೀಯವಾಗಿದ್ದು, ಅದರಲ್ಲಿ ಸುಣ್ಣದ ಅಂಶ ಕಡಿಮೆಯಾಗಿ ಸೋಡಿಯಂ ಬೈಕಾರ್ಬೊನೇಟು ಹೆಚ್ಚಿದ್ದರೆ ಇನ್ನೂ ಸಲೀಸು. ಕ್ಯಾಲ್ಸಿಯಂ ಇದ್ದಿದ್ದರೆ ಫ್ಲೋರೈಡನ್ನು ಹಿಡಿದು ಮತ್ತೆ ಕಲ್ಲಾಗಿ ಕೂರಿಸುತ್ತಿತ್ತು. ಅದಿಲ್ಲದಿದ್ದರೆ ಫ್ಲೋರೈಡು ನೀರಿನಲ್ಲೇ ಉಳಿಯುತ್ತದೆ.

ನಮ್ಮ ಅತ್ತೆ ಮದುವೆಯಾಗಿ ಬಂದಾಗ ಮನೆಯ ಬಾವಿ ಮೂವತ್ತೈದು ಅಡಿ. ಕೆರೆ ತುಂಬಿದ ವರ್ಷ ಕೈಗೆ ನೀರು ಸಿಗುತ್ತಿತ್ತಂತೆ. ಆಮೇಲೆ ಬೋರ್‌ವೆಲ್ 200 ಅಡಿ, 450, 800. ಫಿಲ್ಟರ್ ಘಟಕಕ್ಕೆ ನೀರು ಕೊಡುವ ಬೋರು 1,150 ಅಡಿ. ಒಂದೊಂದು ಸಲ ಕೆಳಗಿಳಿದಾಗಲೂ ಇನ್ನೂ ಹಳೆಯ ನೀರು, ಕಲ್ಲಿನ ಜೊತೆ ಇನ್ನೂ ದೀರ್ಘ ಸಂಸಾರ ಮಾಡಿದ ನೀರು ಮೇಲೆ ಬರುತ್ತದೆ. ಮನೆಯ ತೆರೆದ ಬಾವಿ ಈಗ ತೆಂಗಿನಗರಿ ಹಾಕುವ ಗುಂಡಿ.

ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಅದಕ್ಕಿಂತ ಹೆಚ್ಚಾದರೆ ಹಾಲುಹಲ್ಲು ಬಿದ್ದು ಬರುವ ಹಲ್ಲು ಒಸಡಿನೊಳಗೆ ತಯಾರಾಗುವಾಗಲೇ ಕಲೆ ಬೀಳುತ್ತದೆ. ಹಾಗಾಗಿ ಏಳೆಂಟು ವರ್ಷದೊಳಗಿನ ಮಕ್ಕಳಿಗೆ ಕೊಡುವ ನೀರೇ ಮುಖ್ಯ. ದೊಡ್ಡವರಾದ ಮೇಲೆ ಕುಡಿದದ್ದು ಹಲ್ಲಿಗೆ ಬರುವುದಿಲ್ಲ, ಮೂಳೆಗೆ ಹೋಗಿ ಮೈ ಬಿಗಿಸುತ್ತದೆ. ಗಡಿಯಾಚೆ ನೆಲ್ಲೂರಿನ ಕಡೆ ಈ ಮೂಳೆಯ ಕಾಯಿಲೆಯನ್ನು ವೈದ್ಯರು 1937ರಲ್ಲೇ ದಾಖಲಿಸಿದ್ದರು. ಮನೆಯಲ್ಲೇ ನೋಡಿಕೊಳ್ಳಬಹುದಾದ ಮೂರು ಪರೀಕ್ಷೆಗಳಿವೆ: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈ ಎತ್ತಿ ತಲೆಯ ಹಿಂದೆ ಸೇರಿಸುವುದು. ನಮ್ಮ ಅತ್ತೆಗೆ 84. ಮೂರರಲ್ಲಿ ಒಂದೂ ಆಗುವುದಿಲ್ಲ. ವಯಸ್ಸಾಯಿತು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆದರೆ 52ರ ಮೈದುನನಿಗೂ ಗದ್ದ ಎದೆಗೆ ತಾಗುವುದಿಲ್ಲ.

ಇಷ್ಟು ಹೇಳಿದ್ದು ಯಾಕೆಂದರೆ ಐದು ರೂಪಾಯಿಗೆ ಏನು ಕೊಳ್ಳುತ್ತಿದ್ದೇವೆ ಅಂತ ಗೊತ್ತಿರಬೇಕು. ರುಚಿ ಕೊಳ್ಳುತ್ತಿಲ್ಲ. ಫಿಲ್ಟರ್ ನೀರು ಸಪ್ಪೆ. ಹುಟ್ಟಿದಾಗಿನಿಂದ ಬೋರ್ ನೀರು ಕುಡಿದವರಿಗೆ ಮಳೆಯಲ್ಲಿ ನೆನೆದ ಬಟ್ಟೆ ಹಿಂಡಿದಂತೆ ಅನ್ನಿಸುತ್ತದೆ, ಮೊದಲ ತಿಂಗಳು ಅರ್ಧ ಊರು ಅದಕ್ಕೇ ತಿರುಗಿ ಹೋಗಿತ್ತು. ಮತ್ತೆ ಜನ ಬಂದದ್ದು ಆರೋಗ್ಯದ ಭಾಷಣಕ್ಕಲ್ಲ, ಬೇಳೆಗೆ. ಗಡುಸು ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಫಿಲ್ಟರ್ ನೀರಿಟ್ಟರೆ ಮೂರು ಸೀಟಿಗೆ ಬೆಣ್ಣೆ. ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡು ಕ್ಯಾನು ಹಿಡಿದು ಬಂದರು.

ಶೆಡ್ಡು ಚಿಕ್ಕದು. ಒಳಗೆ ಎರಡು ಎತ್ತರದ ಸಿಲಿಂಡರು: ಒಂದರಲ್ಲಿ ಮರಳು, ಇನ್ನೊಂದರಲ್ಲಿ ಇದ್ದಿಲು. ಆಮೇಲೆ ಸಣ್ಣ ಕಸ ಹಿಡಿಯುವ ಮೈಕ್ರಾನ್ ಫಿಲ್ಟರು, ಹೈ ಪ್ರೆಷರ್ ಪಂಪು, ಅಡ್ಡ ಮಲಗಿಸಿದ ಬಿಳಿ ಕೊಳವೆಗಳಲ್ಲಿ ಮೆಂಬ್ರೇನು ಎಂಬ ತೆಳು ಪೊರೆ, ಕೊನೆಗೆ ಕ್ರಿಮಿ ಕೊಲ್ಲುವ ನೇರಳೆ ದೀಪ. ಮರಳು, ಇದ್ದಿಲು, ದೀಪ ಇವು ಮೂರೂ ಫ್ಲೋರೈಡಿನ ತಂಟೆಗೆ ಹೋಗುವುದಿಲ್ಲ. ಕೆಲಸ ಮಾಡುವುದು ಮೆಂಬ್ರೇನು ಒಂದೇ. ಅದು ಮಾಡುವುದನ್ನು ನಾನು ಕ್ಲಾಸಿನಲ್ಲಿ ಆವಕಾಯಿಯಿಂದ ಶುರುಮಾಡುತ್ತಿದ್ದೆ. ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿ ಇಟ್ಟರೆ ಬೆಳಗಾಗುವುದರೊಳಗೆ ಜಾಡಿಯ ತಳದಲ್ಲಿ ನೀರು. ಹೋಳಿನೊಳಗಿನ ನೀರು ಉಪ್ಪು ಹೆಚ್ಚಿರುವ ಕಡೆಗೆ ತಾನಾಗಿ ಹೊರಟು ಬಂದದ್ದು. ಈಗ ಉಪ್ಪಿನ ಕಡೆಯಿಂದಲೇ ಪಂಪು ಹಚ್ಚಿ ಒತ್ತಿದರೆ? ನೀರು ಉಲ್ಟಾ ದಿಕ್ಕಿಗೆ, ಉಪ್ಪನ್ನು ಹಿಂದೆ ಬಿಟ್ಟು ದಾಟುತ್ತದೆ. ಅದಕ್ಕೇ ರಿವರ್ಸ್ ಆಸ್ಮಾಸಿಸ್. ಆರ್‌ಒ ಅಂದರೆ ಅಷ್ಟೇ. ಆದರೆ ದಾಟದೆ ಹಿಂದೆ ಉಳಿದ ಉಪ್ಪನ್ನು ತೊಳೆದು ಹೊರಗೆ ಹಾಕುತ್ತಲೇ ಇರಬೇಕು, ಇಲ್ಲದಿದ್ದರೆ ಮೆಂಬ್ರೇನು ಕಟ್ಟಿಕೊಳ್ಳುತ್ತದೆ. ನನ್ನ ಸಿಟ್ಟಿರುವುದು ಇಲ್ಲಿ. ಅಲ್ಲಿಗೆ ಬರುತ್ತೇನೆ.

ಆಪರೇಟರು ಗಿರಾಕಿಗಳಿಗೆ ತೋರಿಸುವುದು ಟಿಡಿಎಸ್ ಮೀಟರು. ಪೆನ್ನಿನಂಥದ್ದು, ಲೋಟದಲ್ಲಿ ಅದ್ದಿದರೆ ನಂಬರು ಬರುತ್ತದೆ. ಬೋರ್ ನೀರಿಗೆ 1,100ರ ಆಸುಪಾಸು, ಫಿಲ್ಟರ್ ನೀರಿಗೆ 62. “ನೋಡಿ ಟೀಚರ್, ಅರವತ್ತೆರಡು!” ನಾನು ಹೇಳಿದೆ, ಇದು ನೀರಿನಲ್ಲಿ ಕರೆಂಟು ಎಷ್ಟು ಹರಿಯುತ್ತದೆ ಅಂತ ನೋಡಿ ಒಟ್ಟು ಲವಣ ಎಷ್ಟಿರಬಹುದು ಅಂತ ಅಂದಾಜು ಮಾಡುತ್ತದೆ, ಅಷ್ಟೇ. ಸಾವಿರದ ನೂರರಲ್ಲಿ ಎರಡೂವರೆ ಫ್ಲೋರೈಡು ಅಂದರೆ ಸಂತೆಯಲ್ಲಿ ಇಬ್ಬರು ಕಳ್ಳರಿದ್ದ ಹಾಗೆ. ಜನ ಎಷ್ಟಿದ್ದಾರೆ ಅಂತ ಎಣಿಸಿದರೆ ಕಳ್ಳರ ಲೆಕ್ಕ ಸಿಗುತ್ತದಾ? ಟಿಡಿಎಸ್ 400 ಇದ್ದೂ ಫ್ಲೋರೈಡು 3 ಇರುವ ಬಾವಿ ಇರಬಹುದು. ಟಿಡಿಎಸ್ 1,200 ಇದ್ದು ಫ್ಲೋರೈಡು ಮಿತಿಯೊಳಗೇ ಇರಬಹುದು. ಹುಡುಗ ತಲೆ ಕೆರೆದುಕೊಂಡ. “ಮತ್ತೆ ಹೆಂಗ್ ನೋಡೋದು ಟೀಚರ್?”

ಜಲ ಜೀವನ್ ಮಿಷನ್ನಿನಲ್ಲಿ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ಟು ಕೊಟ್ಟಿದ್ದಾರೆ, ಊರಿನ ಹೆಂಗಸರಿಗೆ ತರಬೇತಿಯೂ ಆಗಿದೆ. ನಮ್ಮ ಊರಿನ ಕಿಟ್ಟು ಪೆಟ್ಟಿಗೆ ಸಮೇತ ಬೀರುವಿನ ಮೇಲಿತ್ತು, ಸೀಲು ಒಡೆದಿರಲಿಲ್ಲ. ಕೇಳಿ ಇಳಿಸಿಕೊಂಡು ಬಂದೆ. ಫ್ಲೋರೈಡಿನ ಬಾಟಲಿಯಲ್ಲಿರುವುದು ಗುಲಾಬಿ ಬಣ್ಣದ ದ್ರಾವಣ. ಅಳತೆಯ ನೀರಿಗೆ ಹೇಳಿದಷ್ಟು ಬೆರೆಸಿದರೆ ಫ್ಲೋರೈಡು ಹೆಚ್ಚಿದ್ದಷ್ಟೂ ಗುಲಾಬಿ ಹೋಗಿ ಹಳದಿಗೆ ತಿರುಗುತ್ತದೆ. ಆಮೇಲೆ ಬಣ್ಣದ ಚಾರ್ಟಿಗೆ ಹಿಡಿದು ನೋಡುವುದು.

ಒಂದು ಭಾನುವಾರ ಬೆಳಿಗ್ಗೆ ಸಾಲಿನಲ್ಲಿ ನಿಂತವರೆಲ್ಲರ ಎದುರು ಮಾಡಿದೆ. ಬೋರ್ ನೀರು: ಹಳದಿ, ಚಾರ್ಟಿನಲ್ಲಿ 2 ಮತ್ತು 3ರ ನಡುವೆ, ಎರಡೂವರೆ ಅನ್ನೋಣ. ಫಿಲ್ಟರ್ ನೀರು: ಒಳ್ಳೆ ಗುಲಾಬಿ, ಅರ್ಧ ಮಿಲಿಗ್ರಾಮಿಗಿಂತ ಎಷ್ಟೋ ಕಡಿಮೆ. ಸಾಲಿನಲ್ಲಿ ಒಬ್ಬಾಕೆ, “ರೋಜಾ ಪುವ್ವುಲಾ ಉಂದಿ” ಅಂದಳು, ಗುಲಾಬಿ ಹೂವಿನ ಹಾಗಿದೆ ಅಂತ. ಆಪರೇಟರ್ ಹುಡುಗನ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ನಾಲ್ಕೂವರೆ ನಕ್ಷತ್ರ ಕೊಟ್ಟದ್ದು ಇದಕ್ಕೆ. ಮೆಂಬ್ರೇನು ಸರಿಯಾಗಿದ್ದರೆ ಈ ಯಂತ್ರ ಹೇಳಿದ ಕೆಲಸ ಮಾಡುತ್ತದೆ. ನಾಗಪುರದ ನೀರಿ ಸಂಸ್ಥೆಯವರು ಹಿಂದೆ ರೂಪಿಸಿದ ನಲ್ಗೊಂಡ ವಿಧಾನ ಅಂತ ಒಂದಿದೆ. ಪಟಕ, ಸುಣ್ಣ ಹಾಕಿ ಕಲಕಿ ಫ್ಲೋರೈಡನ್ನು ತಳಕ್ಕೆ ಕೂರಿಸುವುದು. ಶಾಲೆಯಲ್ಲಿ ಮಕ್ಕಳ ಜೊತೆ ಬಕೆಟ್ಟಿನಲ್ಲಿ ಮಾಡಿ ನೋಡಿದ್ದೇನೆ. ಪಟಕದ ಅಳತೆ ತಪ್ಪಿತೋ ಬಾಯಿ ಒಗರು. ದಿನಾ ಮನೆಯಲ್ಲಿ ಮಾಡುವ ಕೆಲಸವಲ್ಲ. ನಲ್ಲಿ ತಿರುಗಿಸಿದರೆ ಗುಲಾಬಿ ನೀರು ಬರುವುದು ಸಣ್ಣ ಸಂಗತಿಯಲ್ಲ.

ಆಮೇಲೆ ಹಿಂದಿನ ಪೈಪಿಗೆ ಹೋದೆ.

ಮೊದಲು ಬಕೆಟ್ ಲೆಕ್ಕ. ಒಳ್ಳೆ ನೀರಿನ ಪೈಪಿಗೆ ಒಂದು ಬಕೆಟ್, ವೇಸ್ಟ್ ಪೈಪಿಗೆ ಒಂದು. ಎರಡೂ ಹೆಚ್ಚುಕಡಿಮೆ ಒಟ್ಟಿಗೇ ತುಂಬಿದವು. ಅಂದರೆ ಬೋರಿನಿಂದ ಬಂದ ಎರಡು ಬಕೆಟ್ಟಿನಲ್ಲಿ ಒಂದು ನಮಗೆ, ಒಂದು ಚರಂಡಿಗೆ. ವೇಸ್ಟ್ ನೀರಿಗೆ ದ್ರಾವಣ ಬೆರೆಸಿದರೆ ಅಚ್ಚ ಹಳದಿ, ಚಾರ್ಟಿನ ಕೊನೆಯ ಮನೆಯೂ ದಾಟಿತು. ಅಳೆಯುವುದು ಹೇಗೆ? ಮನೆಯಿಂದ ಮಳೆನೀರು ತಂದು ಸಮಸಮ ಬೆರೆಸಿ ಮತ್ತೆ ನೋಡಿದೆ. ಎರಡಕ್ಕೂ ಎರಡೂವರೆಗೂ ನಡುವೆ ಬಂತು, ದುಪ್ಪಟ್ಟು ಮಾಡಿದರೆ ನಾಲ್ಕೂವರೆ ಆಸುಪಾಸು. ಕ್ಲಾಸಿನಲ್ಲಿ ದ್ರವ್ಯ ಸಂರಕ್ಷಣೆಯ ನಿಯಮ ಅಂತ ಬಾಯಿಪಾಠ ಮಾಡಿಸಿದ್ದು ಇದನ್ನೇ. ಯಂತ್ರ ಫ್ಲೋರೈಡನ್ನು ಕೊಲ್ಲುವುದಿಲ್ಲ, ಅರ್ಧ ನೀರಿನಿಂದ ತೆಗೆದು ಇನ್ನರ್ಧಕ್ಕೆ ತುಂಬುತ್ತದೆ.

ದಿನಕ್ಕೆ ಸುಮಾರು 250 ಕ್ಯಾನು ಹೋಗುತ್ತದೆ ಅಂತ ಹುಡುಗ ಹೇಳಿದ. 5,000 ಲೀಟರ್ ಒಳ್ಳೆಯದು, 5,000 ಲೀಟರ್ ವೇಸ್ಟ್. ಲೀಟರಿಗೆ ನಾಲ್ಕೂವರೆ ಮಿಲಿಗ್ರಾಂ ಅಂದರೆ ದಿನಕ್ಕೆ ಇಪ್ಪತ್ತೆರಡು ಗ್ರಾಂ ಫ್ಲೋರೈಡು, ವರ್ಷಕ್ಕೆ ಎಂಟು ಕಿಲೋ. ಅದೆಲ್ಲ ಹೋಗುವುದು ಶೆಡ್ಡಿನ ಹಿಂದಿನ ಕುಂಟೆಗೆ, ಅಂದರೆ ಸಣ್ಣ ಹೊಂಡಕ್ಕೆ. ಬೇಸಿಗೆಯಲ್ಲಿ ಊರಿನಲ್ಲಿ ನೀರು ನಿಂತಿರುವುದು ಅಲ್ಲೊಂದೇ ಕಡೆ, ಎಮ್ಮೆಗಳು ಕುಡಿಯುವುದೂ ಅಲ್ಲೇ. ಬಿಸಿಲಿಗೆ ಕುಂಟೆಯ ನೀರು ಆವಿಯಾಗುತ್ತದೆ, ಫ್ಲೋರೈಡು ಆವಿಯಾಗುವುದಿಲ್ಲ. (ನೀರು ಕುದಿಸಿ ಕುಡಿದರೆ ಫ್ಲೋರೈಡು ಹೋಗುತ್ತದೆ ಅಂದುಕೊಂಡವರಿಗೂ ಇದೇ ಉತ್ತರ. ಕುದಿಸಿದಷ್ಟೂ ಹೆಚ್ಚುತ್ತದೆ.) ಕುಂಟೆಗೆ ಮೂವತ್ತು ಹೆಜ್ಜೆ ದೂರದಲ್ಲಿ ಊರಿನ ಹಳೆ ಸೇದೋ ಬಾವಿ.

ನ್ಯಾಯವಾಗಿ ಹೇಳಬೇಕು. ಎಂಟು ಕಿಲೋ ಹೊಸದಾಗಿ ಹುಟ್ಟಿದ್ದಲ್ಲ, ಅದೇ ಕಲ್ಲಿನಿಂದ ಬಂದದ್ದು. ಪಕ್ಕದ ಟೊಮೆಟೊ ತೋಟಗಳಿಗೆ ಹರಿಯುವ ಬೋರ್ ನೀರು ಇದಕ್ಕಿಂತ ಎಷ್ಟೋ ಪಟ್ಟು ಫ್ಲೋರೈಡನ್ನು ಮೇಲೆ ತಂದು ಹರಡುತ್ತಿದೆ. ಆದರೆ ಅದು ಎಕರೆಗಟ್ಟಲೆ ಹರಡುತ್ತದೆ, ಇದು ಒಂದೇ ಗುಂಡಿಯಲ್ಲಿ ಸೇರುತ್ತದೆ. ಅದಕ್ಕಿಂತ ನನಗೆ ಹೊಟ್ಟೆ ಉರಿಯುವುದು ಆ 5,000 ಲೀಟರಿಗೆ. 1,150 ಅಡಿಯಿಂದ ಎತ್ತಿದ ನೀರದು. ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲಿ ವರ್ಷಾವರ್ಷ ಇರುವ ಜಿಲ್ಲೆ ನಮ್ಮದು. ವೇಸ್ಟ್ ನೀರನ್ನು ಒಂದು ತೊಟ್ಟಿಗೆ ತಿರುಗಿಸಿದರೆ ಶಾಲೆಯ ಶೌಚಾಲಯಕ್ಕೆ, ಟ್ರ್ಯಾಕ್ಟರು ತೊಳೆಯಲು, ಮನೆ ಕಟ್ಟುವವರು ನೆಲ ಒದ್ದೆ ಮಾಡಲು ಸಾಕು. ಇಪ್ಪತ್ತು ಅಡಿ ಪೈಪು, ಒಂದು ಸಿಂಟೆಕ್ಸು. ಗ್ರಾಮಸಭೆಯಲ್ಲಿ ಎರಡು ಸಲ ಕೇಳಿದ್ದೇನೆ. “ನೋಟ್ ಮಾಡ್ಕೊಂಡಿದ್ದೀವಿ ಮೇಡಂ.”

ಸೇವೆಯ ಬಗ್ಗೆ. ಕಳೆದ ಬೇಸಿಗೆಯಲ್ಲಿ ಘಟಕ 47 ದಿನ ನಿಂತಿತ್ತು, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಮೆಂಬ್ರೇನು ಹೋಗಿತ್ತು. ನಿರ್ವಹಣೆಯ ಗುತ್ತಿಗೆ ಪಡೆದವರು ಜಿಲ್ಲಾ ಕೇಂದ್ರದಲ್ಲಿ, ಅವರಿಗೆ ಬಿಲ್ಲು ಪಾಸು ಮಾಡಬೇಕಾದವರು ಇನ್ನೊಂದು ಕಡೆ, ನಡುವೆ ತಿಂಗಳಿಗೆ ಅಷ್ಟೋ ಇಷ್ಟೋ ಸಂಬಳದ ನಮ್ಮ ಹುಡುಗ, ಬಂದವರ ಬೈಗುಳವೆಲ್ಲ ಅವನಿಗೆ. ಬಾಗಿಲಿಗೆ ಸೀಮೆಸುಣ್ಣದಲ್ಲಿ ‘ರಿಪೇರಿ’ ಅಂತ ಬರೆದು ಕೂತಿರುತ್ತಿದ್ದ. ಆ ಒಂದೂವರೆ ತಿಂಗಳು ಬೈಕಿನಲ್ಲಿ ಪಕ್ಕದೂರಿಗೆ ಹೋಗಿ ತಂದವರು ತಂದರು, ಮೂವತ್ತು ರೂಪಾಯಿಯ ಖಾಸಗಿ ಕ್ಯಾನು ಕೊಳ್ಳುವವರು ಕೊಂಡರು, ಉಳಿದವರು ನಲ್ಲಿ ನೀರೇ ಕುಡಿದರು. ನಿಂತದ್ದಾದರೂ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಮುಂಚಿನ ತಿಂಗಳು ಮೆಂಬ್ರೇನು ಸವೆಯುತ್ತಾ ಬಂದಾಗ ನಾವು ಐದೈದು ರೂಪಾಯಿ ಕೊಟ್ಟು ಎಷ್ಟು ಫ್ಲೋರೈಡು ಕುಡಿದೆವೋ, ಆಗ ಯಾರೂ ಕಿಟ್ಟು ಇಳಿಸಿರಲಿಲ್ಲ. ನಾನೂ ಸೇರಿ.

ಇನ್ನೊಂದು ವಿಷಯದಲ್ಲಿ ತಪ್ಪು ಘಟಕದ್ದಲ್ಲ, ನಮ್ಮದು. ಬಹಳ ಮನೆಗಳಲ್ಲಿ ಫಿಲ್ಟರ್ ನೀರು ಕುಡಿಯಲು, ಕಾಫಿಗೆ, ಬೇಳೆಗೆ ಮಾತ್ರ. ಮುದ್ದೆಗೆ, ಅನ್ನಕ್ಕೆ, ಸಾರಿಗೆ ನಲ್ಲಿ ನೀರು. ಮುದ್ದೆಯ ಎಸರಿನ ನೀರು ಎಲ್ಲಿಗೆ ಹೋಯಿತು? ಹಿಟ್ಟಿನೊಳಗೇ ಹೋಯಿತು. ಅನ್ನ, ಸಾರು ಎಲ್ಲ ಸೇರಿಸಿದರೆ ಒಬ್ಬೊಬ್ಬರಿಗೆ ದಿನಕ್ಕೆ ಒಂದು ಲೀಟರಿನಷ್ಟು ಎರಡೂವರೆಯ ನೀರು ಊಟದ ಹೆಸರಿನಲ್ಲಿ ಹೊಟ್ಟೆಗೆ ಬೀಳುತ್ತದೆ. ಅಡುಗೆಗೂ ಇದೇ ನೀರು ಬಳಸಿ ಅಂದರೆ ಹೆಂಗಸರು ಕೇಳುತ್ತಾರೆ, “ಇನ್ನೊಂದು ಕ್ಯಾನು ಹೊರೋರ್ಯಾರು, ಟೀಚರಮ್ಮಾ?” ಸರಿಯಾದ ಪ್ರಶ್ನೆ. ಇಪ್ಪತ್ತು ಲೀಟರ್ ಅಂದರೆ ಇಪ್ಪತ್ತು ಕಿಲೋ. ಬೈಕ್ ಇದ್ದವರ ಮನೆಗೆ ಎರಡು ಕ್ಯಾನು, ಇಲ್ಲದವರ ಸೊಂಟಕ್ಕೆ ಒಂದು ಬಿಂದಿಗೆ. ಸದ್ಯ, ರಾಗಿಯಲ್ಲಿ ಕ್ಯಾಲ್ಸಿಯಂ ಒಳ್ಳೆಯ ಪ್ರಮಾಣದಲ್ಲಿದೆ. ಕ್ಯಾಲ್ಸಿಯಂ ಇದ್ದಲ್ಲಿ ಕರುಳು ಫ್ಲೋರೈಡನ್ನು ಅಷ್ಟು ಸುಲಭವಾಗಿ ಒಳಗೆ ಬಿಡುವುದಿಲ್ಲ. ಮುದ್ದೆ ಬಿಟ್ಟು ಪಾಲಿಶ್ ಅಕ್ಕಿಗೆ ಹೋದ ಮನೆಗಳಿಗೆ ಅದೂ ಇಲ್ಲ. ಕ್ಯಾನಿನ ಒಳಗೆ ಹಸಿರು ಪಾಚಿ ಕಟ್ಟಿದ್ದರೂ ತೊಳೆಯದೆ ತುಂಬಿಸಿಕೊಂಡು ಹೋಗುವವರ ಬಗ್ಗೆ ನಾನು ಬರೆಯುವುದಿಲ್ಲ, ಸಾಲಿನಲ್ಲೇ ಬೈಯುತ್ತೇನೆ.

ಆ 47 ದಿನಗಳಲ್ಲೇ ಬೆಂಗಳೂರಿನಿಂದ ಮಗ ಫೋನ್ ಮಾಡಿ, “ಅಮ್ಮಾ, ಮನೆಗೇ ಒಂದು ಆರ್‌ಒ ಹಾಕಿಸಿಬಿಡ್ತೀನಿ” ಅಂದ. ಕಂಪನಿಯ ಹುಡುಗ ಟೈ ಕಟ್ಟಿಕೊಂಡು ಬಂದ. ಎರಡು ಲೋಟ, ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನು ತಂದ ನೀರು. ಕಡ್ಡಿಗಳಿದ್ದ ಒಂದು ಸಾಧನವನ್ನು ಎರಡರಲ್ಲೂ ಇಳಿಸಿ ಕರೆಂಟು ಕೊಟ್ಟ. ನಮ್ಮ ನೀರು ಎರಡು ನಿಮಿಷದಲ್ಲಿ ಗಟಾರದ ಬಣ್ಣಕ್ಕೆ ತಿರುಗಿತು. ಅತ್ತೆ ‘ಅಯ್ಯೋ ದೇವುಡಾ’ ಅಂತ ಎದೆ ಮುಟ್ಟಿಕೊಂಡರು. ಮೂವತ್ತು ವರ್ಷ ವಿದ್ಯುದ್ವಿಭಜನೆ ಪಾಠ ಮಾಡಿದವಳ ಎದುರು ಪಾಪ ಆ ಹುಡುಗ ಇದನ್ನು ಮಾಡಬಾರದಿತ್ತು. ಅವನ ಶುದ್ಧ ನೀರಿನ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ, ಈಗ ಕಡ್ಡಿ ಇಳಿಸಪ್ಪ ಅಂದೆ. ಅದೂ ಗಟಾರವಾಯಿತು. ಬಣ್ಣ ಬಂದದ್ದು ಕಬ್ಬಿಣದ ಕಡ್ಡಿಯಿಂದ. ಲವಣ ಇರುವ ನೀರಿನಲ್ಲಿ ಕರೆಂಟು ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗುತ್ತದೆ. ಕಾಫಿ ಕುಡಿಸಿ ಕಳಿಸಿದೆ. ಮನೆಯ ಆರ್‌ಒ ಕೆಟ್ಟದ್ದೇನಲ್ಲ, ನಮ್ಮಂಥ ನೀರಿಗೆ ಬೇಕಾದ ಯಂತ್ರವೇ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಅದನ್ನು ಬಳಸಬಾರದು, ಬಳಸುವ ಕಡೆ ಒಳಗೆ ಹೋದದ್ದರಲ್ಲಿ ಶೇ 60ರಷ್ಟಾದರೂ ಒಳ್ಳೆ ನೀರಾಗಿ ವಾಪಸ್ ಸಿಗುವಂತಿರಬೇಕು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಎಷ್ಟು ವಾಪಸ್ ಬರುತ್ತೆ ಅಂತ ಕೇಳಿದಾಗ ಆ ಹುಡುಗ ಕ್ಯಾಟಲಾಗಿನ ಪುಟ ತಿರುವುತ್ತಾ ಕೂತಿದ್ದ.

ಮಗನ ದುಡ್ಡಿನಲ್ಲಿ ನಾನು ಕಟ್ಟಿಸಿದ್ದು ಮಳೆನೀರಿನ ತೊಟ್ಟಿ. ಹತ್ತು ಸಾವಿರ ಲೀಟರಿನದು, ಮುಚ್ಚಳ ಸಮೇತ. ಲೆಕ್ಕ ಹೀಗಿದೆ. ಇಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ. ನಮ್ಮ ತಾರಸಿ ಸಾವಿರ ಚದರಡಿ, ಅಂದರೆ 93 ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರು. ಗುಣಿಸಿದರೆ 65,000 ಲೀಟರು, ಸೋರಿ ಹಾಳಾಗುವುದನ್ನು ಕಳೆದರೂ 50,000. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು 9,125. ತಲೆಯ ಮೇಲೆ ಐದು ಪಟ್ಟು ಬೀಳುತ್ತಿರುವಾಗ 1,150 ಅಡಿ ಕೆಳಗಿನದಕ್ಕೆ ಕೈಚಾಚುತ್ತಿದ್ದೇವೆ. ಮಳೆನೀರಿಗೆ ಕಲ್ಲಿನ ಸಹವಾಸವೇ ಇಲ್ಲ, ಹಾಗಾಗಿ ಫ್ಲೋರೈಡು ಲೆಕ್ಕಕ್ಕೆ ಬಾರದಷ್ಟು. ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು 1995ರಿಂದ ಮಳೆನೀರನ್ನೇ ನೆಚ್ಚಿ ಸಂಸಾರ ಮಾಡುತ್ತಿದ್ದಾರೆ ಅಂತ ಪಾಠದಲ್ಲಿ ಹೇಳುತ್ತಿದ್ದೆ. ಮಾಡಲು ನನಗೆ ನಿವೃತ್ತಿಯಾಗಬೇಕಾಯಿತು.

ಮೊದಲ ವರ್ಷ ಪಾಠವನ್ನು ನಾನೇ ಮರೆತಿದ್ದೆ. ಮೊದಲ ಮಳೆಯ ನೀರನ್ನು ಹೊರಗೆ ಬಿಡಲು ಇಟ್ಟ ಕವಾಟ ತೆರೆಯಲಿಲ್ಲ, ತಾರಸಿಯ ಪಾರಿವಾಳದ ಹಿಕ್ಕೆಯೆಲ್ಲ ತೊಟ್ಟಿಗೆ. ಕಿಟ್ಟಿನಲ್ಲಿ ಬ್ಯಾಕ್ಟೀರಿಯಾ ನೋಡುವ ಸಣ್ಣ ಸೀಸೆಯೂ ಇರುತ್ತದೆ. ನೀರು ತುಂಬಿಸಿ ಬೆಚ್ಚಗಿಟ್ಟೆ. ಮಾರನೇ ದಿನಕ್ಕೆ ಕಾಡಿಗೆಯಂತೆ ಕಪ್ಪಾಗಿತ್ತು. ತೊಟ್ಟಿ ಖಾಲಿ ಮಾಡಿ ತೊಳೆಸಿದೆ. ಈಗ ಯುಗಾದಿ ಕಳೆಯುತ್ತಿದ್ದಂತೆ ತಾರಸಿ ಗುಡಿಸುವುದು, ಮೊದಲೆರಡು ಮಳೆ ಹೊರಗೆ ಬಿಡುವುದು, ಕುಡಿಯುವುದನ್ನು ಕುದಿಸುವುದು. ಫ್ಲೋರೈಡಿಗೆ ಕುದಿಸಬೇಡ, ಬ್ಯಾಕ್ಟೀರಿಯಾಕ್ಕೆ ಕುದಿಸು ಅಂತ ಅತ್ತೆಗೆ ವಿವರಿಸಿ ಸೋತೆ. ಅವರ ಪ್ರಕಾರ ಮಳೆನೀರು ಕುಡಿದರೆ ನೆಗಡಿ. ಹಾಗಾಗಿ ನಮ್ಮ ಮನೆಯ ಅಡುಗೆ ಮಳೆನೀರಿನಲ್ಲಿ, ಅತ್ತೆಗೆ ಮಾತ್ರ ದಿನಾ ಫಿಲ್ಟರ್ ನೀಳ್ಳು. ಗಿರಾಕಿಯಾಗಿ ನಾನು ಇನ್ನೂ ಉಳಿದಿರುವುದು ಹೀಗೆ.

ದೊಡ್ಡ ನೀರಿನ ಮಾತು ಸಾಲಿನಲ್ಲಿ ದಿನಾ ಆಗುತ್ತದೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ನೀರು 2018ರಲ್ಲಿ ಬಂತು, ಹೆಬ್ಬಾಳ-ನಾಗವಾರದ ನೀರು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಬಂತು. ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅಂತ ಹೋರಾಟಗಾರರು ಕೇಳುತ್ತಲೇ ಇದ್ದಾರೆ, ನನಗೂ ಅದೇ ಸರಿ ಅನ್ನಿಸುತ್ತದೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ, ಗೌರಿ ಹಬ್ಬದ ದಿನ ಚಾಲನೆ ಕೊಟ್ಟರು. ಸಕಲೇಶಪುರದ ಕಾಡಿನ ಹೊಳೆಗಳ 24.01 ಟಿಎಂಸಿ ನಮ್ಮದೂ ಸೇರಿ ಹಲವು ಜಿಲ್ಲೆಗಳಿಗೆ ಅಂತ ಲೆಕ್ಕ. “ನಿಮ್ಮ ತವರಿನ ನೀರು ಟೀಚರ್, ಯಾವಾಗ ಬರುತ್ತೆ?” ಅಂತ ಕೇಳಿದರೆ ಏನು ಹೇಳಲಿ? ತವರಿಗೆ ಹೋದಾಗ ಅಣ್ಣ ಕಾಫಿ ತೋಟದ ಪಕ್ಕ ಗುಡ್ಡ ಸೀಳಿ ಹಾಕಿದ ಪೈಪು ತೋರಿಸಿ, “ನಿಮ್ಮೂರಿಗಂತೆ” ಅಂದಿದ್ದ. ಎರಡೂ ಕಡೆ ನನ್ನನ್ನೇ ಕೇಳುತ್ತಾರೆ.

ಹೊಸಬರಿಗೆ ಉಪಯೋಗಕ್ಕೆ ಬರುವ ವಿಷಯ: ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಐದರಿಂದ ಎಂಟು. ಏಳೂವರೆಗೆ ಹೋದರೆ ಶಾಲೆಯ ಮಕ್ಕಳ ತಾಯಂದಿರು ಮುಗಿದಿರುತ್ತಾರೆ, ಸಾಲು ಚಿಕ್ಕದು. ತ್ರೀ ಫೇಸ್ ಕರೆಂಟು ಇಲ್ಲದಿದ್ದರೆ ಟ್ಯಾಂಕಿನಲ್ಲಿರುವಷ್ಟೇ, ಹೋಗುವ ಮುಂಚೆ ಹುಡುಗನಿಗೆ ಒಂದು ಫೋನ್ ಮಾಡಿ. ಹಳೆಯ ದಪ್ಪ ಐದು ರೂಪಾಯಿಯನ್ನು ಪೆಟ್ಟಿಗೆ ನುಂಗುವುದಿಲ್ಲ, ಹಿತ್ತಾಳೆ ಬಣ್ಣದ್ದೇ ಬೇಕು. ನುಂಗಿಯೂ ನೀರು ಬಿಡದಿದ್ದರೆ ಪೆಟ್ಟಿಗೆಯ ಎಡಗಡೆ ಮೆಲ್ಲಗೆ ಒಂದು ಏಟು. ನಲ್ಲಿ ಇಪ್ಪತ್ತು ಲೀಟರಿಗೆ ತಾನಾಗಿ ನಿಲ್ಲುತ್ತದೆ, ಹದಿನೈದರ ಬಿಂದಿಗೆ ತಂದರೆ ಉಳಿದ ಐದು ಲೀಟರ್ ನೆಲಕ್ಕೆ, ಹಾಗಾಗಿ ಜೊತೆಗೊಂದು ಚಿಕ್ಕ ಕೊಡ ಇರಲಿ. ಎಮ್ಮೆ ಹೊಡೆದುಕೊಂಡು ಬರುವವರು ಹಿಂದಿನ ಕುಂಟೆಯ ಕಡೆ ಬಿಡಬೇಡಿ.